ಆಪರೇಷನ್ ಟೇಬಲ್ ಮೇಲೆ ಮೈ ಕಾದ ಕತೆ ನಿಮ್ಮ ಮನೆಯಲ್ಲಿದೆಯಾ? ಅರಿವಳಿಕೆಗೆ ಮುಂಚೆ ಇಷ್ಟು ಮಾಡಿ

1960ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಪತ್ರ ಬಂತು. ಬರೆದವರು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಡೆನ್‌ಬರೋ ಮತ್ತು ಲೊವೆಲ್ ಎಂಬ ಇಬ್ಬರು ಡಾಕ್ಟರು. 21 ವರ್ಷದ ಹುಡುಗನೊಬ್ಬ ಕಾಲು ಮುರಿದುಕೊಂಡು ಅವರ ಆಸ್ಪತ್ರೆಗೆ ಬಂದಿದ್ದ. ಅವನಿಗೆ ಮುರಿದ ಕಾಲಿನ ಚಿಂತೆ ಅಷ್ಟಿರಲಿಲ್ಲ, ಅರಿವಳಿಕೆಯದೇ ಭಯ. ಯಾಕೆಂದರೆ ಅವನ ಬಂಧುಗಳಲ್ಲಿ ಹತ್ತು ಜನ ಈಥರ್ ಕೊಟ್ಟಾಗ ತೀರಿಹೋಗಿದ್ದರು. ಸರಿ, ಈಥರ್ ಬೇಡ ಅಂತ ಆಗ ಹೊಸದಾಗಿ ಬಂದಿದ್ದ ಹ್ಯಾಲೋಥೇನ್ ಕೊಟ್ಟರು. ಸ್ವಲ್ಪ ಹೊತ್ತಿಗೇ ಬಿಪಿ ಇಳಿಯಿತು, ನಾಡಿ ಓಡತೊಡಗಿತು, ಮೈ ಕೆಂಡವಾಯಿತು. ಹುಡುಗ ಹೇಳಿದ್ದ ಮಾತು ಡಾಕ್ಟರ ತಲೆಯಲ್ಲಿತ್ತು. ಕೂಡಲೇ ಔಷಧ ನಿಲ್ಲಿಸಿ ಐಸ್ ಇಟ್ಟರು. ಹುಡುಗ ಉಳಿದ.

ಅವನು ಬಾಯಿಬಿಟ್ಟು ಹೇಳಿದ್ದ, ಅದಕ್ಕೇ ಉಳಿದ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವ ಕೆಲಸ ನನ್ನದು. ಈ ತೊಂದರೆಗೆ ನನ್ನ ಹತ್ತಿರ ಇರುವ ಯಾವ ಮೆಷಿನ್ನಿಗಿಂತಲೂ ದೊಡ್ಡ ಸಹಾಯ ಎಂದರೆ ನಿಮ್ಮ ಅಜ್ಜಿ, ಚಿಕ್ಕಪ್ಪ, ಸೋದರತ್ತೆ ನೆನಪಿಟ್ಟುಕೊಂಡಿರುವ ಒಂದು ಹಳೇ ಕತೆ. ಆ ಕತೆ ನನ್ನ ಕಿವಿಗೆ ಬಿದ್ದರೆ ಅಪಾಯವನ್ನು ಹೆಚ್ಚುಕಡಿಮೆ ಪೂರ್ತಿ ತಪ್ಪಿಸಬಹುದು. ಬೀಳದಿದ್ದರೆ ಟೇಬಲ್ ಮೇಲೆ ಗಡಿಯಾರದ ಜೊತೆ ಓಟ.

ಈ ತೊಂದರೆಯ ಹೆಸರು ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ. ಥಿಯೇಟರಿನಲ್ಲಿ ಎಂಎಚ್ ಅಂತೀವಿ. ಮ್ಯಾಲಿಗ್ನಂಟ್ ಅಂದ ತಕ್ಷಣ ಕ್ಯಾನ್ಸರ್ ಎಂದುಕೊಳ್ಳಬೇಡಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಅಲರ್ಜಿಯೂ ಅಲ್ಲ. ಇದು ಸ್ನಾಯುಗಳ ಒಂದು ಹುಟ್ಟುಗುಣ, ಮನೆತನದಲ್ಲಿ ಹರಿದು ಬರುತ್ತದೆ.

ಒಳಗೆ ಏನಾಗುತ್ತದೆ

ಸ್ನಾಯುವಿನ ಪ್ರತಿ ಕಣದೊಳಗೂ ಕ್ಯಾಲ್ಸಿಯಂ ತುಂಬಿದ ಒಂದು ಪುಟ್ಟ ಕೆರೆ ಇದೆ ಎಂದುಕೊಳ್ಳಿ. ಕೆರೆಗೊಂದು ತೂಬು. ನರದಿಂದ ಸೂಚನೆ ಬಂದಾಗ ತೂಬು ತೆರೆಯುತ್ತದೆ, ಕ್ಯಾಲ್ಸಿಯಂ ಹರಿಯುತ್ತದೆ, ಸ್ನಾಯು ಬಿಗಿಯುತ್ತದೆ. ಆಮೇಲೆ ತೂಬು ಮುಚ್ಚಿ, ಹರಿದದ್ದೆಲ್ಲ ಕೆರೆಗೆ ವಾಪಸ್ ಪಂಪ್ ಆಗಿ, ಸ್ನಾಯು ಸಡಿಲವಾಗುತ್ತದೆ. ಎಂಎಚ್ ಗುಣ ಇರುವವರಲ್ಲಿ ಈ ತೂಬೇ ಸಡಿಲ. ದಿನನಿತ್ಯದಲ್ಲಿ ಏನೂ ಗೊತ್ತಾಗುವುದಿಲ್ಲ, ಕಬಡ್ಡಿ ಆಡುತ್ತಾರೆ, ಗದ್ದೆ ಕೆಲಸ ಮಾಡುತ್ತಾರೆ, ಎಲ್ಲರ ಹಾಗೇ ಇರುತ್ತಾರೆ. ಆದರೆ ಕೆಲವು ಅರಿವಳಿಕೆ ಔಷಧ ಮೈಗೆ ಸೇರಿದರೆ ತೂಬು ತೆರೆದುಕೊಂಡು ಮುಚ್ಚುವುದೇ ಇಲ್ಲ. ಮೈಯಲ್ಲಿರುವ ಸ್ನಾಯುಗಳೆಲ್ಲ ಒಟ್ಟಿಗೆ ದುಡಿಯತೊಡಗುತ್ತವೆ, ಆಮ್ಲಜನಕ ಕುಡಿಯುತ್ತವೆ, ಇಂಗಾಲದ ಡೈಆಕ್ಸೈಡ್ ಉಗುಳುತ್ತವೆ, ಶಾಖ ಏಳುತ್ತದೆ, ಕೊನೆಗೆ ಸ್ನಾಯುವಿನ ಕಣಗಳೇ ಒಡೆದು ಅದರೊಳಗಿನ ಪೊಟ್ಯಾಶಿಯಂ ರಕ್ತಕ್ಕೆ ಬರುತ್ತದೆ. ಪೊಟ್ಯಾಶಿಯಂ ಏರಿದರೆ ಹೃದಯ ನಿಲ್ಲಬಹುದು. ಸ್ನಾಯುವಿನ ಕೆಂಪು ಬಣ್ಣದ ಪ್ರೋಟೀನ್ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ.

ಈ ತೂಬಿನ ನಕ್ಷೆ ಹೆಚ್ಚಿನವರಲ್ಲಿ ಆರ್‌ವೈಆರ್1 ಎಂಬ ಜೀನ್‌ನಲ್ಲಿದೆ. ತಂದೆ ಅಥವಾ ತಾಯಿ ಒಬ್ಬರಲ್ಲಿ ಆ ಬದಲಾವಣೆ ಇದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ಮದುವೆ ಮಾಡುವ ರೂಢಿ ಇನ್ನೂ ಇದೆ. ಅಂಥ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಅದೇ ಬಳ್ಳಿಯವರಾಗಿರುವುದರಿಂದ ಎರಡೂ ಕಡೆಯಿಂದ ಬರಬಹುದು. ಹಾಗಾಗಿ ವಂಶದ ಕತೆ ಕೇಳುವಾಗ ಒಂದು ಕಡೆ ಕೇಳಿ ಸುಮ್ಮನಾಗಬೇಡಿ.

ಎಷ್ಟು ಜನಕ್ಕೆ ಆಗುತ್ತದೆ ಅಂತ ಕೇಳುತ್ತೀರಿ. ಅರಿವಳಿಕೆಯಲ್ಲಿ ಇದು ಕಾಣಿಸಿಕೊಳ್ಳುವುದು 10 ಸಾವಿರಕ್ಕೆ ಒಂದರಿಂದ ಎರಡೂವರೆ ಲಕ್ಷಕ್ಕೆ ಒಂದರವರೆಗೆ ಎನ್ನುತ್ತವೆ ಬೇರೆ ಬೇರೆ ಲೆಕ್ಕಗಳು. ಜೀನ್‌ನಲ್ಲಿ ಬದಲಾವಣೆ ಇರುವವರು ಅದಕ್ಕಿಂತ ತುಂಬಾ ಜಾಸ್ತಿ, ಸುಮಾರು 2 ರಿಂದ 3 ಸಾವಿರಕ್ಕೆ ಒಬ್ಬರು. ಇದು ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ಮಾತು ಹಿಂದೆ ಕೇಳಿಬರುತ್ತಿತ್ತು. ಅದು ತಪ್ಪು. ಭಾರತದ ವೈದ್ಯರೇ ಹಲವು ಪ್ರಕರಣಗಳನ್ನು ಬರೆದಿದ್ದಾರೆ.

ಮೊದಲನೆಯ ಕೆಲಸ: ಮನೆಯಲ್ಲಿ ಕೇಳಿ

ಆಪರೇಷನ್ ದಿನ ಗೊತ್ತಾದ ಮೇಲಲ್ಲ, ಇವತ್ತೇ ಕೇಳಿ. ಊಟ ಆದ ಮೇಲೆ ಹಿರಿಯರ ಹತ್ತಿರ ಕೂತು ನಿಧಾನವಾಗಿ ಕೇಳಿ. ನಮ್ಮ ಮನೆಗಳಲ್ಲಿ ಯಾರೂ ಎಂಎಚ್ ಅಂತ ಹೇಳುವುದಿಲ್ಲ. "ಅನಸ್ತೇಶಿಯಾ ಜಾಸ್ತಿ ಆಗಿ ಹೋಗ್ಬಿಟ್ಟ" ಅಂತಾರೆ. "ಚಿಕ್ಕ ಆಪರೇಷನ್ನು, ಹೋದವಳು ವಾಪಸ್ ಬರ್ಲೇ ಇಲ್ಲ" ಅಂತಾರೆ. "ಜ್ವರ ತಲೆಗೇರಿತ್ತಂತೆ" ಅಂತಾರೆ. ಇಂಥ ಮಾತು ಬಂದಾಗ ಅಲ್ಲಿಗೇ ಬಿಡದೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ.

ತೊಂದರೆ ಆದದ್ದು ಆಪರೇಷನ್ ನಡೆಯುವಾಗಲಾ, ಮುಗಿದ ಒಂದೆರಡು ಗಂಟೆಯೊಳಗಾ, ಅಥವಾ ಎರಡು ಮೂರು ದಿನ ಬಿಟ್ಟಾ? ಆ ವ್ಯಕ್ತಿಯ ಮೈ ಮರದ ಹಾಗೆ ಸೆಟೆದಿತ್ತಾ, ದವಡೆ ಕಚ್ಚಿಕೊಂಡು ಬಾಯಿ ಬಿಡಿಸಲಾಗಲಿಲ್ಲ ಅಂತ ಡಾಕ್ಟರು ಏನಾದರೂ ಹೇಳಿದ್ದರಾ? ಮೂತ್ರ ಕಪ್ಪಗೆ ಕೆಂಪಗೆ ಹೋಗಿತ್ತಾ? ಐಸ್ ಇಟ್ಟರಾ, ಡಯಾಲಿಸಿಸ್ ಮಾಡಿದರಾ? ಯಾವ ವರ್ಷ, ಯಾವ ಊರು, ಯಾವ ಆಪರೇಷನ್?

ಎರಡು ಮೂರು ದಿನ ಬಿಟ್ಟು ಬಂದ ಜ್ವರ ಸಾಮಾನ್ಯವಾಗಿ ಗಾಯದ ಸೋಂಕಿನದೋ ಎದೆಯ ಸೋಂಕಿನದೋ ಆಗಿರುತ್ತದೆ. ಅದಕ್ಕೆ ಹೆದರಬೇಡಿ. ಆಪರೇಷನ್ ಆದ ರಾತ್ರಿ ಮೈ ಸ್ವಲ್ಪ ಬಿಸಿಯಾಗುವುದು ಎಷ್ಟೋ ಜನಕ್ಕೆ ಇದ್ದದ್ದೇ.

ಇನ್ನೊಂದು ಕತೆಯೂ ನಮ್ಮಲ್ಲಿ ಸಿಗುತ್ತದೆ: "ಆಪರೇಷನ್ ಮುಗಿದ್ರೂ ಗಂಟೆಗಟ್ಲೆ ಉಸಿರೇ ಬರ್ಲಿಲ್ಲ, ಮೆಷಿನ್ ಮೇಲೆ ಇಟ್ಟಿದ್ರು, ಆಮೇಲೆ ಸರಿಹೋದ." ಇದು ಎಂಎಚ್ ಅಲ್ಲ. ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಎಂಬ ಔಷಧವನ್ನು ಕರಗಿಸುವ ಕಿಣ್ವ ರಕ್ತದಲ್ಲಿ ಕಮ್ಮಿ ಇದ್ದಾಗ ಹೀಗಾಗುತ್ತದೆ. ದಕ್ಷಿಣ ಭಾರತದ ವೈಶ್ಯ ಸಮುದಾಯದ ಕೆಲವು ಕುಟುಂಬಗಳಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಕಂಡುಬಂದಿದೆ. ಇದನ್ನೂ ಡಾಕ್ಟರಿಗೆ ಹೇಳಲೇಬೇಕು, ಆದರೆ ಎರಡನ್ನೂ ಕಲಸಬೇಡಿ.

ನಿಮ್ಮದೇ ದೇಹದ ಕತೆಯೂ ಬೇಕು. ಮನೆಯಲ್ಲಿ ಸೆಂಟ್ರಲ್ ಕೋರ್ ಡಿಸೀಸ್ ಎಂಬ ಸ್ನಾಯುರೋಗ ಯಾರಿಗಾದರೂ ಇದೆಯಾ? ಬಿಸಿಲಲ್ಲಿ ಓಡಿ ಕುಸಿದು ಬಿದ್ದು, ಮೂತ್ರ ಕಪ್ಪಾಗಿ, ಆಸ್ಪತ್ರೆ ಸೇರಿದ್ದು ಇದೆಯಾ? ಇವು ಎರಡೂ ಎಂಎಚ್ ಜೊತೆ ನಂಟಿರುವ ವಿಷಯಗಳು. ಡುಶೆನ್ ಸ್ನಾಯುಕ್ಷಯ ಇರುವ ಮಕ್ಕಳದು ಸ್ವಲ್ಪ ಬೇರೆ ಲೆಕ್ಕ, ಅವರಿಗೆ ಆಗುವುದು ನಿಜವಾದ ಎಂಎಚ್ ಅಲ್ಲ, ಆದರೆ ಅದೇ ಔಷಧಗಳಿಂದ ಅವರ ಸ್ನಾಯುಗಳೂ ಒಡೆದು ಹೃದಯ ನಿಲ್ಲಬಹುದು. ಹಾಗಾಗಿ ಎಚ್ಚರಿಕೆ ಒಂದೇ.

ಒಂದು ತಪ್ಪು ಸಮಾಧಾನದ ಬಗ್ಗೆ ಹೇಳಲೇಬೇಕು. "ನನಗೆ ಎರಡು ಸಲ ಆಪರೇಷನ್ ಆಗಿದೆ, ಏನೂ ಆಗಿಲ್ಲ, ಹಾಗಾಗಿ ನನಗಿಲ್ಲ" ಎನ್ನುತ್ತಾರೆ. ಹಾಗೆ ಹೇಳಲು ಬರುವುದಿಲ್ಲ. ಒಂದೆರಡು ಸಲ ಸುರಕ್ಷಿತವಾಗಿ ಅರಿವಳಿಕೆ ಆಗಿ, ಮೂರನೇ ಸಲಕ್ಕೆ ಎಂಎಚ್ ಕಾಣಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಎರಡನೆಯದು: ಕಾಗದ ಹುಡುಕಿ

ಹಳೇ ಟ್ರಂಕಿನಲ್ಲಿ, ಅಟ್ಟದ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಡಿಸ್ಚಾರ್ಜ್ ಸಮ್ಮರಿ ಇರಬಹುದು. ಅದರ ಜೊತೆ ಅರಿವಳಿಕೆಯ ಚಾರ್ಟ್ ಸಿಕ್ಕರಂತೂ ಚಿನ್ನ. ಅದರಲ್ಲಿ ಯಾವ ಔಷಧ, ಎಷ್ಟು ಹೊತ್ತಿಗೆ, ನಾಡಿ ಎಷ್ಟು, ಜ್ವರ ಎಷ್ಟು ಎಲ್ಲ ಇರುತ್ತದೆ. ಸಿಗದಿದ್ದರೆ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಒಂದು ಅರ್ಜಿ ಕೊಟ್ಟು ನೋಡಿ. ಏನೂ ಸಿಗಲಿಲ್ಲ ಅಂದರೂ ಪರವಾಗಿಲ್ಲ, ಹಿರಿಯರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾರು, ನಿಮಗೆ ಏನಾಗಬೇಕು, ಯಾವ ವರ್ಷ, ಏನಾಯಿತು. ನಾಲ್ಕು ಸಾಲು ಸಾಕು.

ಮೂರನೆಯದು: ಯಾರಿಗೆ, ಹೇಗೆ ಹೇಳಬೇಕು

ಆಪರೇಷನ್ ಮಾಡುವ ಸರ್ಜನ್‌ಗೆ ಹೇಳಿದೆ, ಆಯಿತು ಅಂದುಕೊಳ್ಳಬೇಡಿ. ಅರಿವಳಿಕೆ ತಜ್ಞರಿಗೇ ನೇರವಾಗಿ ಹೇಳಬೇಕು. ಆಪರೇಷನ್‌ಗೆ ಮುಂಚೆ ಫಿಟ್‌ನೆಸ್ ನೋಡಲು ಒಂದು ಭೇಟಿ ಇರುತ್ತದೆ, ಪಿಎಸಿ ಅಂತೀವಿ. ಆಗ ಹೇಳಿ. ಹಿಂದಿನ ದಿನ ರಾತ್ರಿ ವಾರ್ಡಿಗೆ ಬಂದು ನೋಡುವ ಆಸ್ಪತ್ರೆಗಳೂ ಇವೆ. ಅಲ್ಲಾದರೆ ಅಷ್ಟು ಹೊತ್ತು ಕಾಯಬೇಡಿ, ಆಪರೇಷನ್ ದಿನ ಗೊತ್ತು ಮಾಡುವಾಗಲೇ "ಅರಿವಳಿಕೆ ಡಾಕ್ಟರ ಹತ್ತಿರ ಮೊದಲೇ ಮಾತಾಡಬೇಕು" ಅಂತ ಕೇಳಿ. ಥಿಯೇಟರ್ ಸಿದ್ಧ ಮಾಡಲು ಸಮಯ ಬೇಕು, ಔಷಧ ತರಿಸಲು ಇನ್ನೂ ಜಾಸ್ತಿ ಸಮಯ ಬೇಕು.

"ನನಗೆ ಅನಸ್ತೇಶಿಯಾ ಅಲರ್ಜಿ" ಎಂದಷ್ಟೇ ಹೇಳಿದರೆ ನನಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: "ನಮ್ಮ ತಂದೆಯ ತಮ್ಮ ಅಪೆಂಡಿಕ್ಸ್ ಆಪರೇಷನ್ ಸಮಯದಲ್ಲಿ ಮೈ ಸೆಟೆದು, ಜ್ವರ ಏರಿ ತೀರಿಕೊಂಡರು. ಇದು ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಇರಬಹುದಾ ಅಂತ ನಮಗೆ ಅನುಮಾನ." ಈ ಎರಡು ವಾಕ್ಯ ಕೇಳಿದರೆ ಯಾವ ಅರಿವಳಿಕೆ ಡಾಕ್ಟರೂ ಕುರ್ಚಿ ಎಳೆದು ಕೂತು ಕೇಳುತ್ತಾರೆ. ಹೇಳಿದ್ದು ಕೇಸ್ ಶೀಟಿನಲ್ಲಿ ಬರೆದಿದ್ದಾರಾ ನೋಡಿಕೊಳ್ಳಿ. ಆಪರೇಷನ್ ದಿನ ಬೇರೆ ಡಾಕ್ಟರು ಡ್ಯೂಟಿಯಲ್ಲಿ ಇರಬಹುದು, ಥಿಯೇಟರಿನೊಳಗೆ ಹೋದ ಮೇಲೆ ಅವರಿಗೂ ಇನ್ನೊಮ್ಮೆ ಹೇಳಿ. ಎಷ್ಟು ಸಲ ಹೇಳಿದರೂ ಜಾಸ್ತಿಯಾಗುವುದಿಲ್ಲ.

"ಬೆನ್ನಿಗೆ ಇಂಜೆಕ್ಷನ್ ತಾನೇ, ಇದನ್ನೆಲ್ಲ ಯಾಕೆ ಹೇಳಬೇಕು?" ಅಂತ ಅನ್ನಿಸಬಹುದು. ಬೆನ್ನಿಗೆ ಕೊಡುವ ಸ್ಪೈನಲ್, ಎಪಿಡ್ಯೂರಲ್, ಕೈಕಾಲಿನ ನರದ ಪಕ್ಕ ಕೊಡುವ ಬ್ಲಾಕ್, ಹಲ್ಲಿನ ಡಾಕ್ಟರು ಕೊಡುವ ಮರಗಟ್ಟಿಸುವ ಇಂಜೆಕ್ಷನ್, ಎಲ್ಲವೂ ಎಂಎಚ್ ಇರುವವರಿಗೆ ಸುರಕ್ಷಿತ, ನಿಜ. ಆದರೆ ಸ್ಪೈನಲ್ ಕೆಲವೊಮ್ಮೆ ಹಿಡಿಯುವುದಿಲ್ಲ, ಆಪರೇಷನ್ ಉದ್ದವಾಗಬಹುದು, ರಕ್ತಸ್ರಾವ ಆಗಬಹುದು. ಆಗ ನಿಮಿಷಗಳಲ್ಲಿ ಪೂರ್ತಿ ಜ್ಞಾನ ತಪ್ಪಿಸಬೇಕಾಗುತ್ತದೆ. ಆ ಅವಸರದಲ್ಲಿ ಕೈ ಮೊದಲು ಹೋಗುವುದೇ ಸ್ಕೋಲಿನ್ ಕಡೆಗೆ, ಎಂಎಚ್ ಕೆರಳಿಸುವ ಔಷಧಗಳಲ್ಲಿ ಅದೂ ಒಂದು.

ಹೆರಿಗೆಯ ವಿಷಯದಲ್ಲಿ ನನಗೆ ಇದೇ ದೊಡ್ಡ ಆತಂಕ. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಏಳನೇ ತಿಂಗಳವರೆಗೆ ತೋರಿಸಿದ ಆಸ್ಪತ್ರೆ ಒಂದು, ಹೆರಿಗೆ ಆಗುವ ಆಸ್ಪತ್ರೆ ಇನ್ನೊಂದು ಊರಿನಲ್ಲಿ. ಅವಳ ಮನೆತನದ ಕತೆ ಮೊದಲ ಆಸ್ಪತ್ರೆಯ ಫೈಲಿನಲ್ಲೇ ಉಳಿದುಬಿಡುತ್ತದೆ. ತವರಿಗೆ ಹೊರಡುವಾಗ ಸೀರೆ ಬಳೆ ಜೊತೆ ಆ ಒಂದು ಹಾಳೆಯೂ ಬ್ಯಾಗಿನಲ್ಲಿರಲಿ, ಅಲ್ಲಿನ ಅರಿವಳಿಕೆ ಡಾಕ್ಟರನ್ನು ಎಂಟನೇ ತಿಂಗಳಲ್ಲೇ ಒಮ್ಮೆ ಕಂಡುಬರಲಿ. ಗಂಡನ ಕಡೆ ಎಂಎಚ್ ಇದ್ದರೆ ಅದನ್ನೂ ಹೇಳಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಅದು ಬಂದಿರಬಹುದು ಅಲ್ವಾ?

ಕರೆಂಟ್ ಟ್ರೀಟ್‌ಮೆಂಟ್ ಅಂತ ಜನ ಕರೆಯುವ ಇಸಿಟಿ ಚಿಕಿತ್ಸೆಯಲ್ಲೂ ಸ್ಕೋಲಿನ್ ಬಳಸುವುದು ವಾಡಿಕೆ. ಅದು ಆಪರೇಷನ್ ಅಲ್ಲವಲ್ಲ ಅಂತ ಮರೆಯಬೇಡಿ.

ನಾಲ್ಕನೆಯದು: ಆಸ್ಪತ್ರೆಯನ್ನು ಕೇಳಿ

ಕೇಳುವುದಕ್ಕೆ ಸಂಕೋಚ ಬೇಡ. ಈ ಮೂರು ವಿಷಯ ಕೇಳಿದರೆ ಸಾಕು. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಮತ್ತು ಮೈಯೊಳಗಿನ ಉಷ್ಣತೆ ಅಳೆಯುವ ಪ್ರೋಬ್ ನಿಮ್ಮ ಥಿಯೇಟರಿನಲ್ಲಿ ಇದೆಯಾ? ಡ್ಯಾಂಟ್ರೋಲೀನ್ ಇಂಜೆಕ್ಷನ್ ಇದೆಯಾ, ಇಲ್ಲದಿದ್ದರೆ ಎಲ್ಲಿಂದ ಎಷ್ಟು ಹೊತ್ತಿನಲ್ಲಿ ಬರುತ್ತದೆ? ಐಸಿಯು ಇದೆಯಾ?

ಡ್ಯಾಂಟ್ರೋಲೀನ್ ಎಂದರೆ ಆ ತೂಬನ್ನು ಮುಚ್ಚುವ ಔಷಧ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಗೇಸ್‌ಫರ್ಡ್ ಹ್ಯಾರಿಸನ್ ಎಂಬ ಡಾಕ್ಟರು ಇದೇ ಗುಣ ಇರುವ ಹಂದಿಗಳಲ್ಲಿ ಇದನ್ನು ಪರೀಕ್ಷಿಸಿ 1975ರಲ್ಲಿ ವರದಿ ಮಾಡಿದರು. 1979ರಲ್ಲಿ ಅಮೆರಿಕದಲ್ಲಿ ಇಂಜೆಕ್ಷನ್‌ಗೆ ಅನುಮತಿ ಸಿಕ್ಕಿತು. ಅದಕ್ಕೆ ಮುಂಚೆ ಎಂಎಚ್ ಬಂದ ನೂರು ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಈಗ ಔಷಧ ಕೈಗೆ ಸಿಗುವ ಕಡೆ ಅದು ಹತ್ತಕ್ಕಿಂತ ಕೆಳಗಿಳಿದಿದೆ. ನಮ್ಮ ದೇಶದಲ್ಲಿ ಎಲ್ಲ ಆಸ್ಪತ್ರೆಗಳಲ್ಲೂ ಇದು ಇರುವುದಿಲ್ಲ, ದುಬಾರಿ, ಬಳಸದೇ ಅವಧಿ ಮುಗಿದು ಹೋಗುತ್ತದೆ ಎಂಬ ಕಾರಣಕ್ಕೆ ಇಡದವರೇ ಹೆಚ್ಚು. ನನ್ನ ಅಭಿಪ್ರಾಯ ಇದು: ಮನೆತನದಲ್ಲಿ ಗಟ್ಟಿ ಅನುಮಾನ ಇದ್ದು, ಆಪರೇಷನ್ ಅವಸರದ್ದಲ್ಲದಿದ್ದರೆ, ಇವೆಲ್ಲ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಊರಿನ ನರ್ಸಿಂಗ್ ಹೋಮಿನ ಡಾಕ್ಟರು ಎಷ್ಟೇ ಒಳ್ಳೆಯವರಾಗಿದ್ದರೂ ಖಾಲಿ ಕಪಾಟಿನಿಂದ ಔಷಧ ತೆಗೆಯಲಾರರು. ಅವರೇ ನಿಮ್ಮನ್ನು ಕಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ, ಅದು ಒಳ್ಳೆಯ ಡಾಕ್ಟರ ಲಕ್ಷಣ.

ಹಾಗಂತ ಅಪೆಂಡಿಕ್ಸ್ ಒಡೆಯುತ್ತಿದ್ದರೆ, ಮಗು ಒಳಗೆ ಒದ್ದಾಡುತ್ತಿದ್ದರೆ ಊರೂರು ತಿರುಗಬೇಡಿ. ವಿಷಯ ಹೇಳಿ, ಡಾಕ್ಟರಿಗೆ ಬಿಡಿ. ಸುರಕ್ಷಿತ ಔಷಧಗಳು ಎಲ್ಲ ಕಡೆ ಇವೆ.

ಯಾವ ಔಷಧ ಬೇಡ, ಯಾವುದು ಆಗುತ್ತದೆ

ಬೇಡದವು ಎರಡೇ ಗುಂಪು. ಒಂದು, ಮೂಗು ಬಾಯಿಯ ಮೂಲಕ ಆವಿಯಾಗಿ ಕೊಡುವವು: ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್, ಡೆಸ್‌ಫ್ಲುರೇನ್. ಎರಡು, ಸಕ್ಸಿನೈಲ್‌ಕೋಲಿನ್, ಅಂದರೆ ಥಿಯೇಟರಿನಲ್ಲಿ ಎಲ್ಲರೂ ಸ್ಕೋಲಿನ್ ಅನ್ನುವ ಔಷಧ. ಇಷ್ಟೇ.

ಉಳಿದದ್ದೆಲ್ಲ ಆಗುತ್ತದೆ. ಪ್ರೊಪೋಫಾಲ್, ಕೆಟಮಿನ್, ಥಯೋಪೆಂಟೋನ್, ಮಿಡಾಜೊಲಾಮ್, ಫೆಂಟನಿಲ್, ಮಾರ್ಫಿನ್, ನೈಟ್ರಸ್ ಆಕ್ಸೈಡ್, ಸ್ನಾಯು ಸಡಿಲಿಸಲು ವೆಕುರೋನಿಯಂ, ಅಟ್ರಾಕುರಿಯಂ, ರೋಕುರೋನಿಯಂ. ಇಷ್ಟು ಇದ್ದರೆ ಹೃದಯದ ಆಪರೇಷನ್ನೂ ಮಾಡಬಹುದು. ಹಾಗಾಗಿ "ನನಗೆ ಎಂಎಚ್, ಇನ್ನು ಆಪರೇಷನ್ನೇ ಮಾಡಿಸಿಕೊಳ್ಳುವ ಹಾಗಿಲ್ಲ" ಅಂತ ಗಡ್ಡೆ ಇಟ್ಟುಕೊಂಡು ಕೂರಬೇಡಿ. ಮುಂಜಾಗ್ರತೆಗೆ ಅಂತ ಡ್ಯಾಂಟ್ರೋಲೀನ್ ಮೊದಲೇ ಕೊಡುವ ಪದ್ಧತಿಯೂ ಈಗಿಲ್ಲ, ಅದರ ಅಗತ್ಯ ಬರುವುದಿಲ್ಲ.

ಥಿಯೇಟರಿನವರಿಗೆ: ಮೆಷಿನ್ ತೊಳೆಯುವುದು

ಇದು ನನ್ನ ಜೊತೆಗಾರರಿಗೆ, ಮುಖ್ಯವಾಗಿ ತಾಲೂಕು ಮಟ್ಟದಲ್ಲಿ ಒಬ್ಬರೇ ಕೆಲಸ ಮಾಡುವವರಿಗೆ ಮತ್ತು ಟೆಕ್ನಿಷಿಯನ್‌ಗಳಿಗೆ. ಔಷಧವನ್ನು ಆವಿ ಮಾಡುವ ವೇಪರೈಸರ್ ಆಫ್ ಮಾಡಿದರೆ ಸಾಲದು, ಬಿಚ್ಚಿ ಹೊರಗಿಡಿ. ಆಗದಿದ್ದರೆ ಟೇಪ್ ಸುತ್ತಿ. ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಹೊಸದು ತುಂಬಿ, ಸರ್ಕಿಟ್ ಮತ್ತು ಬ್ಯಾಗ್ ಹೊಸದು ಹಾಕಿ. ಆಮೇಲೆ ನಿಮಿಷಕ್ಕೆ 10 ಲೀಟರ್ ಅಥವಾ ಹೆಚ್ಚು ಆಕ್ಸಿಜನ್ ಹರಿಸಿ, ವೆಂಟಿಲೇಟರ್ ಓಡಿಸುತ್ತಾ ಮೆಷಿನ್ ತೊಳೆಯಿರಿ. ಎಷ್ಟು ಹೊತ್ತು ಎಂಬುದು ಮಾಡೆಲ್ ಮೇಲಿದೆ. ಹಳೇ ಮೆಷಿನ್ 10ರಿಂದ 20 ನಿಮಿಷದಲ್ಲಿ ತೊಳೆದುಹೋಗಬಹುದು, ಈಗಿನ ದೊಡ್ಡ ವರ್ಕ್‌ಸ್ಟೇಷನ್‌ಗಳಿಗೆ ಒಂದೂವರೆ ಗಂಟೆಯೂ ಬೇಕಾಗಬಹುದು. ನಿಮ್ಮ ಮೆಷಿನ್ನಿನ ಕೈಪಿಡಿ ನೋಡಿ. ತೊಳೆದ ಮೇಲೆ ಆಪರೇಷನ್ ಮಧ್ಯೆ ಫ್ಲೋ ಇಳಿಸಬೇಡಿ, ಒಳಗಿನ ರಬ್ಬರಿನಲ್ಲಿ ಕೂತಿದ್ದ ಆವಿ ಮತ್ತೆ ಏಳುತ್ತದೆ. ಇದ್ದಿಲಿನ ಫಿಲ್ಟರ್ ಸಿಕ್ಕರೆ ಎರಡೂ ಕೊಳವೆಗೆ ಹಾಕಿ, ಕೆಲಸ ತುಂಬಾ ಸುಲಭವಾಗುತ್ತದೆ. ಅಂಥ ರೋಗಿಯನ್ನು ದಿನದ ಮೊದಲ ಕೇಸ್ ಆಗಿ ಇಟ್ಟುಕೊಳ್ಳಿ. ಸ್ಕೋಲಿನ್ ಆಂಪೂಲನ್ನು ಟ್ರೇಯಿಂದಲೇ ತೆಗೆದುಬಿಡಿ.

ಹೇಳದೇ ಬಂದರೆ

ಇದೂ ಥಿಯೇಟರಿನವರಿಗೇ. ಎಷ್ಟೋ ಸಲ ಮನೆಯವರಿಗೇ ಗೊತ್ತಿರುವುದಿಲ್ಲ. ಆಗ ಮೊದಲು ಕಾಣುವುದು ಜ್ವರ ಅಲ್ಲ. ಹೆಸರಿನಲ್ಲೇ ಶಾಖ ಇರುವುದರಿಂದ ಎಲ್ಲರೂ ಥರ್ಮಾಮೀಟರ್ ನೋಡುತ್ತಾ ಕೂರುತ್ತಾರೆ, ಅಲ್ಲೇ ಮೋಸ ಹೋಗುವುದು. ಮೊದಲು ಏರುವುದು ಇಂಗಾಲದ ಡೈಆಕ್ಸೈಡ್. ವೆಂಟಿಲೇಟರ್ ಜಾಸ್ತಿ ಮಾಡಿದರೂ 45 ದಾಟಿ 50, 60 ಅಂತ ಏರುತ್ತಲೇ ಹೋಗುತ್ತದೆ. ನಾಡಿ ಓಡುತ್ತದೆ. ಸ್ಕೋಲಿನ್ ಕೊಟ್ಟ ಮೇಲೆ ಸಡಿಲವಾಗಬೇಕಿದ್ದ ದವಡೆ ಕಚ್ಚಿಕೊಳ್ಳುತ್ತದೆ. ಕೈಕಾಲು ಸೆಟೆಯುತ್ತದೆ. ಸೋಡಾ ಲೈಮ್ ಡಬ್ಬಿ ಮುಟ್ಟಿದರೆ ಸುಡುತ್ತದೆ. ಜ್ವರ ಆಮೇಲೆ ಬರುತ್ತದೆ, ಬಂದರೆ ಐದು ನಿಮಿಷಕ್ಕೆ ಒಂದೆರಡು ಡಿಗ್ರಿ ಏರುವುದೂ ಉಂಟು. ಲ್ಯಾಪ್ರೋಸ್ಕೋಪಿಯ ಗ್ಯಾಸ್, ಸೆಪ್ಸಿಸ್, ಥೈರಾಯ್ಡ್ ಇವೂ ಹೀಗೇ ಕಾಣಬಹುದು, ಯೋಚಿಸಿ. ಆದರೆ ಯೋಚಿಸುತ್ತಲೇ ಕೈ ಓಡಲಿ.

ಆವಿ ಔಷಧ ತಕ್ಷಣ ನಿಲ್ಲಿಸಿ. ಸರ್ಜನ್‌ಗೆ ಕೂಗಿ ಹೇಳಿ, ಆಪರೇಷನ್ ಬೇಗ ಮುಗಿಸಲಿ ಅಥವಾ ನಿಲ್ಲಿಸಲಿ. ಸಹಾಯಕ್ಕೆ ಜನ ಕರೆಯಿರಿ, ಒಬ್ಬರಿಂದ ಆಗುವ ಕೆಲಸ ಅಲ್ಲ. 100% ಆಕ್ಸಿಜನ್, ಪೂರ್ತಿ ಫ್ಲೋ, ಉಸಿರಾಟ ಎರಡು ಮೂರು ಪಟ್ಟು. ಮೆಷಿನ್ ಬದಲಿಸುತ್ತಾ ಹೊತ್ತು ಕಳೆಯಬೇಡಿ. ನಿದ್ದೆಗೆ ಪ್ರೊಪೋಫಾಲ್ ಹಾಕಿ.

ಆಮೇಲೆ ಡ್ಯಾಂಟ್ರೋಲೀನ್. ಕೆಜಿಗೆ 2.5 ಮಿಲಿಗ್ರಾಂ, ಬೇಗ. 70 ಕೆಜಿ ಮನುಷ್ಯನಿಗೆ 175 ಮಿಲಿಗ್ರಾಂ. ಹಳೇ ಮಾದರಿಯ ಬಾಟಲಿಯಲ್ಲಿ 20 ಮಿಲಿಗ್ರಾಂ ಅಷ್ಟೇ ಇರುತ್ತದೆ, ಅಂದರೆ ಮೊದಲ ಡೋಸಿಗೇ 9 ಬಾಟಲಿ. ಒಂದೊಂದಕ್ಕೂ 60 ಮಿಲಿಲೀಟರ್ ಸ್ಟೆರೈಲ್ ವಾಟರ್ ಹಾಕಿ ತಿಳಿಯಾಗುವವರೆಗೆ ಕುಲುಕಬೇಕು. ಸಲೈನ್ ಬೇಡ, ಗ್ಲೂಕೋಸ್ ಬೇಡ. ಇದಕ್ಕೇ ಎರಡು ಮೂರು ಜೊತೆ ಕೈ ಬೇಕು, ನರ್ಸಿಂಗ್ ವಿದ್ಯಾರ್ಥಿಗಳಿದ್ದರೆ ಅವರನ್ನೂ ಕೂರಿಸಿ. ಕಾರ್ಬನ್ ಡೈಆಕ್ಸೈಡ್ ಇಳಿದು ಮೈ ಸಡಿಲವಾಗುವವರೆಗೆ ಮತ್ತೆ ಮತ್ತೆ ಕೊಡಬೇಕು. ಕೆಜಿಗೆ 10 ಮಿಲಿಗ್ರಾಂವರೆಗೆ ಹೋದರೆ 35 ಬಾಟಲಿ ಆಯಿತು. ಥಿಯೇಟರಿನಲ್ಲಿ 36 ಬಾಟಲಿ ಇರಲಿ ಎಂದು ಅಮೆರಿಕದ ಎಂಎಚ್ ಸಂಘ ಹೇಳುವುದು ಈ ಲೆಕ್ಕಕ್ಕೇ. ಮೊದಲ ಲಕ್ಷಣದಿಂದ ಮೊದಲ ಡೋಸಿನವರೆಗೆ ಪ್ರತಿ 30 ನಿಮಿಷ ತಡಕ್ಕೂ ತೊಡಕುಗಳ ಸಾಧ್ಯತೆ 1.6 ಪಟ್ಟು ಏರುತ್ತದೆ ಎಂದು ಅಮೆರಿಕದ ದಾಖಲೆಗಳ ಅಧ್ಯಯನವೊಂದು ಲೆಕ್ಕ ಹಾಕಿದೆ.

39 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ತಂಪು ಮಾಡಿ: ತಣ್ಣನೆ ಸಲೈನ್, ಕಂಕುಳು ತೊಡೆಸಂದಿಗೆ ಐಸ್. 38ಕ್ಕೆ ಇಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ತೀರಾ ಕೆಳಗೆ ಹೋಗುತ್ತದೆ. ಪೊಟ್ಯಾಶಿಯಂ ಏರಿದ್ದರೆ ಕ್ಯಾಲ್ಸಿಯಂ, ಇನ್ಸುಲಿನ್ ಜೊತೆ ಗ್ಲೂಕೋಸ್, ಬೈಕಾರ್ಬೊನೇಟ್. ಕ್ಯಾಥೆಟರ್ ಹಾಕಿ, ಮೂತ್ರ ಗಂಟೆಗೆ ಕೆಜಿಗೆ 1 ಮಿಲಿಲೀಟರ್‌ಗಿಂತ ಕಮ್ಮಿಯಾಗದ ಹಾಗೆ ದ್ರವ ಕೊಡಿ. ಹೃದಯ ಬಡಿತ ತಪ್ಪಿದರೆ ವೆರಾಪಮಿಲ್, ಡಿಲ್ಟಿಯಾಜೆಮ್ ಮಾತ್ರ ಬೇಡ, ಡ್ಯಾಂಟ್ರೋಲೀನ್ ಜೊತೆ ಸೇರಿದರೆ ಪೊಟ್ಯಾಶಿಯಂ ಇನ್ನಷ್ಟು ಏರಬಹುದು.

ಡ್ಯಾಂಟ್ರೋಲೀನ್ ಇಲ್ಲದ ಕಡೆ? ಆವಿ ನಿಲ್ಲಿಸುವುದು, ಉಸಿರು ಹೆಚ್ಚಿಸುವುದು, ತಂಪು, ಪೊಟ್ಯಾಶಿಯಂ, ಇಷ್ಟರಿಂದಲೇ ಕೆಲವರು ಉಳಿದಿದ್ದಾರೆ, ಆದ್ದರಿಂದ ಕೈಚೆಲ್ಲಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗಳಿಗೆಲ್ಲ ಒಬ್ಬರು ಫೋನ್ ಮಾಡುತ್ತಲೇ ಇರಲಿ. ಸ್ನಾಯು ಬಿಗಿತಕ್ಕೆ ಕೊಡುವ ಡ್ಯಾಂಟ್ರೋಲೀನ್ ಕ್ಯಾಪ್ಸೂಲನ್ನು ಮೂಗಿನ ಟ್ಯೂಬಿನಲ್ಲಿ ಕೊಟ್ಟ ಉದಾಹರಣೆಗಳು ನಮ್ಮ ದೇಶದ ವರದಿಗಳಲ್ಲಿವೆ. ಅದು ನಿಧಾನ, ಇಂಜೆಕ್ಷನ್‌ಗೆ ಸಮ ಅಲ್ಲ. ಬೇರೇನೂ ಇಲ್ಲದಾಗ ಮಾತ್ರ. ಈ ಫೋನ್ ನಂಬರುಗಳ ಪಟ್ಟಿಯನ್ನು ಇವತ್ತೇ ಬರೆದು ಥಿಯೇಟರಿನ ಗೋಡೆಗೆ ಅಂಟಿಸಿ ಅಂತ ಕೈಮುಗಿದು ಕೇಳುತ್ತೇನೆ.

ಇಳಿಯಿತು ಅಂತ ವಾರ್ಡಿಗೆ ಕಳಿಸಬೇಡಿ. ಸುಮಾರು ನಾಲ್ಕರಲ್ಲೊಬ್ಬರಿಗೆ ಅದು ಮತ್ತೆ ಮರಳುತ್ತದೆ. ಕನಿಷ್ಠ 24 ಗಂಟೆ ಐಸಿಯುನಲ್ಲಿರಲಿ, ಡ್ಯಾಂಟ್ರೋಲೀನ್ ಕೆಜಿಗೆ 1 ಮಿಲಿಗ್ರಾಂನಂತೆ 4ರಿಂದ 6 ಗಂಟೆಗೊಮ್ಮೆ ಮುಂದುವರಿಯಲಿ. ಮನೆಯವರು ಗಮನಿಸಿ: ಈ ಔಷಧದಿಂದ ಒಂದೆರಡು ದಿನ ಕೈಕಾಲಿನಲ್ಲಿ ಶಕ್ತಿ ಇರುವುದಿಲ್ಲ. ಎದ್ದು ನಡೆಯುವಾಗ ಕೈ ಹಿಡಿಯಿರಿ, ಊಟ ಗುಟುಕು ಗುಟುಕಾಗಿ ಕೊಡಿ.

ಪರೀಕ್ಷೆ ಮಾಡಿಸಬಹುದಾ

ಎರಡು ದಾರಿ ಇವೆ. ತೊಡೆಯಿಂದ ಸ್ನಾಯುವಿನ ತುಂಡು ತೆಗೆದು, ಅದು ಜೀವಂತ ಇರುವಾಗಲೇ ಕೆಫೀನ್ ಮತ್ತು ಹ್ಯಾಲೋಥೇನ್ ಹಾಕಿ ಎಷ್ಟು ಬಿಗಿಯುತ್ತದೆ ಅಂತ ನೋಡುವುದು ಒಂದು. ನಂಬಿಕೆಯ ಪರೀಕ್ಷೆ ಇದೇ, ಆದರೆ ಜಗತ್ತಿನಲ್ಲಿ ಕೆಲವೇ ಕೇಂದ್ರಗಳಲ್ಲಿದೆ. ತುಂಡನ್ನು ಬಾಟಲಿಯಲ್ಲಿ ಹಾಕಿ ಕಳಿಸಲು ಬರುವುದಿಲ್ಲ, ವ್ಯಕ್ತಿಯೇ ಹೋಗಬೇಕು. ಬ್ರಿಟನ್‌ನಲ್ಲಿರುವ ನಮ್ಮವರು ಜಿಪಿ ಮೂಲಕ ಲೀಡ್ಸ್‌ನ ಎಂಎಚ್ ಘಟಕಕ್ಕೆ, ಕೆನಡಾದಲ್ಲಿರುವವರು ಟೊರಾಂಟೊ ಕೇಂದ್ರಕ್ಕೆ ಹೋಗಬಹುದು.

ಎರಡನೆಯದು ರಕ್ತದಿಂದ ಜೀನ್ ಪರೀಕ್ಷೆ. ಇದು ಭಾರತದಲ್ಲೂ ಆಗುತ್ತದೆ. ಬೆಂಗಳೂರಿನಲ್ಲಾದರೆ ಸ್ನಾಯುರೋಗದ ಅನುಮಾನ ಇರುವವರು ನಿಮ್ಹಾನ್ಸ್‌ನ ನರಸ್ನಾಯು ವಿಭಾಗದಲ್ಲಿ ಮೊದಲು ತೋರಿಸಿ. ಪರೀಕ್ಷೆಯನ್ನು ಎಂಎಚ್ ಆದ ವ್ಯಕ್ತಿಗೇ ಮೊದಲು ಮಾಡಿಸಬೇಕು. ಅವರಲ್ಲಿ ಗೊತ್ತಾದ ಬದಲಾವಣೆ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಏನೂ ಸಿಗಲಿಲ್ಲ ಎಂಬ ವರದಿ ಬಂದರೆ "ನನಗಿಲ್ಲ" ಅಂತ ಅರ್ಥ ಅಲ್ಲ, ಇದನ್ನು ದಯವಿಟ್ಟು ತಲೆಯಲ್ಲಿಟ್ಟುಕೊಳ್ಳಿ. ಪರೀಕ್ಷೆ ಮಾಡಿಸಲು ದುಡ್ಡಿಲ್ಲ ಎನ್ನುವವರು ಮನೆತನ ಪೂರ್ತಿ ಎಂಎಚ್ ಇದೆ ಎಂದುಕೊಂಡೇ ನಡೆಯಿರಿ. ಸುರಕ್ಷಿತ ಅರಿವಳಿಕೆಗೆ ಜಾಸ್ತಿ ಖರ್ಚೂ ಇಲ್ಲ, ನಷ್ಟವೂ ಇಲ್ಲ.

ಚೀಟಿ ಮತ್ತು ಫೋನು

ಎಂಎಚ್ ಆಗಿ ಉಳಿದವರು ಡಿಸ್ಚಾರ್ಜ್ ಆಗುವಾಗ ಅರಿವಳಿಕೆ ಡಾಕ್ಟರಿಂದ ಒಂದು ಪತ್ರ ಕೇಳಿ ಪಡೆಯಿರಿ. ಏನಾಯಿತು, ಯಾವ ಔಷಧಕ್ಕೆ, ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕ್ರಿಯೇಟಿನ್ ಕೈನೇಸ್ ಎಷ್ಟಾಗಿತ್ತು, ಎಲ್ಲ ಅದರಲ್ಲಿರಲಿ. ಪರ್ಸಿನಲ್ಲಿ ಆಧಾರ್ ಪಕ್ಕ ಒಂದು ಚೀಟಿ ಇಡಿ: "ನನಗೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಅಪಾಯ ಇದೆ. ಸಕ್ಸಿನೈಲ್‌ಕೋಲಿನ್ ಮತ್ತು ಆವಿ ರೂಪದ ಅರಿವಳಿಕೆ ಕೊಡಬೇಡಿ." ಹಿಂಬದಿಯಲ್ಲಿ ಇದನ್ನೇ ಇಂಗ್ಲಿಷಿನಲ್ಲೂ ಬರೆಯಿಸಿ, ಅಪಘಾತ ಆಗಿ ಬೇರೆ ರಾಜ್ಯದಲ್ಲಿ ಬಿದ್ದಿದ್ದರೆ ಅಲ್ಲಿನ ಡಾಕ್ಟರಿಗೆ ಓದಲು ಬರಬೇಕಲ್ಲ. ಮಕ್ಕಳ ಶಾಲೆಯ ದಾಖಲೆಯಲ್ಲೂ ಬರೆಸಿ.

ಆಮೇಲೆ ಫೋನ್ ಹಿಡಿದು ಕೂರಿ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಅವರ ಮಕ್ಕಳು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಮುಂಬೈಗೆ ಹೋದವರು, ದುಬೈಗೆ ಹೋದವರು. ವಾಟ್ಸಾಪಿನಲ್ಲಿ ಪತ್ರದ ಫೋಟೋ ಹಾಕಿ ಸುಮ್ನಿರಬೇಡಿ, ಒಬ್ಬೊಬ್ಬರಿಗೂ ಕರೆ ಮಾಡಿ, ಅರ್ಥ ಆಯ್ತಾ ಅಂತ ಕೇಳಿ. ಆಸ್ತಿ ಜಗಳದಲ್ಲಿ ಮಾತು ಬಿಟ್ಟ ದಾಯಾದಿ ಇದ್ದರೆ ಅವರ ಮನೆಗೂ ಯಾರ ಕೈಲಾದರೂ ಒಂದು ಪ್ರತಿ ಕಳಿಸಿ. ಅವರ ಮಗಳಿಗೂ ನಾಳೆ ಸಿಸೇರಿಯನ್ ಆಗಬಹುದು.